ಹೂಂಗುಟ್ಟಲು ಕಲಿಯುತ್ತಿರುವ ಯಂತ್ರ

ಇಬ್ಬರು ಎದುರುಬದುರು ಕುಳಿತು ಮಾತನಾಡುವಾಗ ಒಬ್ಬರ ಮಾತು ನಿಂತು ಇನ್ನೊಬ್ಬರ ಮಾತು ಹೊರಡುವ ನಡುವಣ ಬಿಡುವು ಸರಾಸರಿ 200 ಮಿಲಿಸೆಕೆಂಡ್‌ನಷ್ಟು, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟು ಮಾತ್ರ. ನೆದರ್‌ಲ್ಯಾಂಡ್ಸ್‌ನ ನೈಮೇಖನ್ ನಗರದಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆಯ ತಾನ್ಯಾ ಸ್ಟೈವರ್ಸ್ ಮತ್ತು ಸಂಗಡಿಗರು ಜಗತ್ತಿನ ಬೇರೆ ಬೇರೆ ಮೂಲೆಗಳ ಹತ್ತು ಭಾಷೆಗಳ ಸಹಜ ಸಂಭಾಷಣೆಗಳನ್ನು ಚಿತ್ರೀಕರಿಸಿಕೊಂಡು, ಹೌದು ಅಥವಾ ಅಲ್ಲ ಎಂಬ ಉತ್ತರ ಬಯಸುವ ಪ್ರಶ್ನೆಗಳಿಗೆ ಪ್ರತಿಕ್ರಿಯೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದು 2009ರಲ್ಲಿ ಪ್ರಕಟಿಸಿದರು. ಅತಿ ಚುರುಕಾಗಿ ಕಂಡ ಜಪಾನಿ ಭಾಷೆಯ ಸರಾಸರಿ 7 ಮಿಲಿಸೆಕೆಂಡ್, ಅತಿ ನಿಧಾನವೆನಿಸಿದ ಡೇನಿಶ್ ಭಾಷೆಯದು 469 ಮಿಲಿಸೆಕೆಂಡ್. ಎರಡು ತುದಿಗಳ ನಡುವಣ ಅಂತರವೂ ಅರ್ಧ ಸೆಕೆಂಡನ್ನು ಮುಟ್ಟಲಿಲ್ಲ.

ಈ ಅಂಕಿಗಳ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಟ್ಟು ನೋಡಿದಾಗಲೇ ಸಂಗತಿಯ ಸೋಜಿಗ ಹೊಳೆಯುತ್ತದೆ. ಒಂದು ಚಿತ್ರವನ್ನು ಕಂಡು ಅದರ ಹೆಸರನ್ನು ಬಾಯಿಂದ ಹೊರಡಿಸಲು, ಅಂದರೆ ಒಂದೇ ಒಂದು ಪದ ಆಡಲು, ಮನುಷ್ಯನ ಮಿದುಳಿಗೆ ಸುಮಾರು 600 ಮಿಲಿಸೆಕೆಂಡ್ ಬೇಕು ಎಂದು ಪ್ರಯೋಗಗಳು ತೋರಿಸಿವೆ. ಒಂದು ಪದಕ್ಕೆ ಇಷ್ಟು ಹೊತ್ತು ಬೇಕಾದವರು 200 ಮಿಲಿಸೆಕೆಂಡ್‌ನೊಳಗೆ ಉತ್ತರ ಕೊಡುತ್ತಿದ್ದಾರೆಂದರೆ, ಎದುರಿನವರ ಮಾತು ಮುಗಿಯುವ ಮೊದಲೇ ತಮ್ಮ ಮಾತನ್ನು ಜೋಡಿಸಿಕೊಳ್ಳುತ್ತಿದ್ದಾರೆ, ಅಷ್ಟೇ ಅಲ್ಲ, ಎದುರಿನವರ ಮಾತು ಎಲ್ಲಿ ಹೇಗೆ ಮುಗಿಯಲಿದೆ ಎಂಬುದನ್ನೂ ಮುಂಗಂಡು ತಮ್ಮ ಬಾಯನ್ನು ಆ ಕ್ಷಣಕ್ಕೆ ಸಿದ್ಧವಾಗಿಟ್ಟಿದ್ದಾರೆ ಎಂದೇ ಅರ್ಥ. ಕೇಳುವುದು ಮತ್ತು ಆಡುವುದು ಒಂದಾದ ಮೇಲೊಂದು ನಡೆಯುವ ಕೆಲಸಗಳಲ್ಲ, ಒಂದೇ ತಲೆಯಲ್ಲಿ ಒಟ್ಟೊಟ್ಟಿಗೆ ಸಾಗುವ ಕೆಲಸಗಳು.

ಮನುಷ್ಯರೊಡನೆ ಮಾತನಾಡುವ ರೋಬಾಟ್ ಎಂದೊಡನೆ ಮುಖ ನೋಡಿ ಸಿಟ್ಟು, ಸಂತೋಷ, ದುಃಖಗಳನ್ನು ಗುರುತಿಸುವ ಯಂತ್ರದ ಕಲ್ಪನೆ ಮೂಡುವುದು ವಾಡಿಕೆ. ಜಾಹೀರಾತುಗಳೂ ಸಿನಿಮಾಗಳೂ ಅದನ್ನೇ ಬೆಳೆಸಿವೆ. ಆದರೆ ಕಳೆದ ಮೂರು ದಶಕಗಳ ಪ್ರಯೋಗಗಳನ್ನು ಗಮನಿಸಿದರೆ ರೋಬಾಟ್ ಎಡವುತ್ತಿರುವುದು ಭಾವನೆಯ ಬಳಿ ಅಲ್ಲ, ಈ 200 ಮಿಲಿಸೆಕೆಂಡ್‌ನ ಹೊಸ್ತಿಲಲ್ಲಿ ಎಂಬುದು ಸ್ಪಷ್ಟವಾಗುತ್ತದೆ. ಈಗ ಯಾರ ಸರದಿ, ಎದುರಿನವರು ಮಾತು ಮುಗಿಸಿದರೋ ಉಸಿರು ತೆಗೆದುಕೊಳ್ಳುತ್ತಿದ್ದಾರೋ, ಅವರು ಆಡಿದ ಮಾತು ತನಗೋ ಪಕ್ಕದವರಿಗೋ ಎಂಬ, ಮೂರು ವರ್ಷದ ಮಗುವೂ ತಕ್ಕಮಟ್ಟಿಗೆ ನಿಭಾಯಿಸುವ ಪ್ರಶ್ನೆಗಳೇ ಯಂತ್ರಕ್ಕೆ ಕಗ್ಗಂಟು.

ಸರದಿಯ ಶಾಸ್ತ್ರೀಯ ಅಧ್ಯಯನ ಶುರುವಾದದ್ದು ಯಂತ್ರಗಳಿಗಾಗಿ ಅಲ್ಲ. ಅಮೆರಿಕದ ಸಮಾಜವಿಜ್ಞಾನಿಗಳಾದ ಹಾರ್ವಿ ಸ್ಯಾಕ್ಸ್, ಇಮ್ಯಾನುಯೆಲ್ ಶೆಗ್ಲಾಫ್ ಮತ್ತು ಗೇಲ್ ಜೆಫರ್ಸನ್ ಧ್ವನಿಮುದ್ರಿಸಿದ ದಿನನಿತ್ಯದ ಮಾತುಗಳನ್ನು ಉಸಿರು, ಕೆಮ್ಮು, ತೊದಲುಗಳನ್ನೂ ಬಿಡದೆ ಬರೆದಿಟ್ಟು, ‘ಲ್ಯಾಂಗ್ವೇಜ್’ ಎಂಬ ವಿದ್ವತ್ ಪತ್ರಿಕೆಯಲ್ಲಿ 1974ರಲ್ಲಿ ಪ್ರಕಟಿಸಿದ ಪ್ರಬಂಧವೇ ಇಂದಿಗೂ ಈ ಕ್ಷೇತ್ರದ ಬುನಾದಿ. ಮಾತು ಒಂದೇ ಹರಿವಾಗಿ ಬರುವುದಿಲ್ಲ, ಘಟಕ ಘಟಕವಾಗಿ ಬರುತ್ತದೆ. ಪ್ರತಿ ಘಟಕದ ಕೊನೆಯಲ್ಲೂ ಸರದಿ ಬದಲಾಗಬಹುದಾದ ಒಂದು ತಾಣವಿರುತ್ತದೆ. ಆ ತಾಣದಲ್ಲಿ ಆಡುತ್ತಿರುವವರು ಮುಂದಿನವರನ್ನು ಆರಿಸಬಹುದು, ಆರಿಸದಿದ್ದರೆ ಯಾರಾದರೂ ತಾವಾಗಿ ಸರದಿ ಹಿಡಿಯಬಹುದು, ಯಾರೂ ಹಿಡಿಯದಿದ್ದರೆ ಮೊದಲಿನವರೇ ಮುಂದುವರಿಸಬಹುದು ಎಂಬುದು ಅವರ ನಿರೂಪಣೆಯ ಸಾರ. ಯಾರೂ ಕಲಿಸದ, ಎಲ್ಲಿಯೂ ಬರೆದಿಡದ ಈ ನಿಯಮಗಳನ್ನು ಮನುಷ್ಯರು ಪಾಲಿಸುವ ಅಚ್ಚುಕಟ್ಟು ಎಷ್ಟರಮಟ್ಟಿನದೆಂದರೆ ಇಬ್ಬರೂ ಒಟ್ಟಿಗೆ ಮಾತನಾಡುವ ಕ್ಷಣಗಳು ಬಂದರೂ ಅವು ಬೇಗನೆ ಕರಗಿಹೋಗುತ್ತವೆ.

ಯಂತ್ರಗಳನ್ನು ರೂಪಿಸಿದ ಎಂಜಿನಿಯರುಗಳು ಬಹುಕಾಲ ಈ ಶಾಸ್ತ್ರದ ಗೊಡವೆಗೆ ಹೋಗದೆ ಇದಕ್ಕಿಂತ ಸುಲಭವಾದ ಉಪಾಯವೊಂದನ್ನು ನೆಚ್ಚಿಕೊಂಡರು: ಮೌನವನ್ನು ಅಳೆಯುವುದು. ಮೈಕ್ರೊಫೋನಿಗೆ ಬೀಳುವ ಸದ್ದಿನಲ್ಲಿ ಮನುಷ್ಯನ ಧ್ವನಿ ಇದೆಯೇ ಇಲ್ಲವೇ ಎಂದು ಒಂದು ತಂತ್ರಾಂಶ ಸದಾ ಪರೀಕ್ಷಿಸುತ್ತಿರುತ್ತದೆ. ಧ್ವನಿ ನಿಂತು 700 ಮಿಲಿಸೆಕೆಂಡೋ ಒಂದು ಸೆಕೆಂಡೋ ಕಳೆದರೆ ಮಾತು ಮುಗಿಯಿತೆಂದು ತೀರ್ಮಾನಿಸಿ ಉತ್ತರ ಸಿದ್ಧಪಡಿಸಲು ತೊಡಗುತ್ತದೆ. ಫೋನಿನ, ಸ್ಮಾರ್ಟ್ ಸ್ಪೀಕರಿನ ಧ್ವನಿಸಹಾಯಕಗಳು ಬಹುಮಟ್ಟಿಗೆ ಬೆಳೆದು ಬಂದದ್ದು ಈ ತಳಹದಿಯ ಮೇಲೆಯೇ. ಇದರ ದೋಷ ಮಿತಿಯನ್ನು ಎಲ್ಲಿ ಇಡಬೇಕೆಂಬುದರಲ್ಲಿ ಇಲ್ಲ, ಮೌನವನ್ನು ನಂಬಿದ್ದರಲ್ಲಿಯೇ ಇದೆ. ಒಬ್ಬರೇ ಮಾತನಾಡುವಾಗ ನಡುವೆ ಯೋಚನೆಗೆ, ಪದಕ್ಕೆ, ಉಸಿರಿಗೆ ನಿಲ್ಲುವ ಬಿಡುವುಗಳು ಇಬ್ಬರ ನಡುವೆ ಸರದಿ ಬದಲಾಗುವ ಬಿಡುವಿಗಿಂತ ಎಷ್ಟೋ ಬಾರಿ ದೀರ್ಘವಾಗಿರುತ್ತವೆ. ಹಾಗಾಗಿ ಮಿತಿಯನ್ನು ಇಳಿಸಿದರೆ ಯಂತ್ರ ಮಾತಿನ ನಡುವೆ ಬಾಯಿ ಹಾಕುತ್ತದೆ, ಏರಿಸಿದರೆ ಮಾತು ಮುಗಿದ ಮೇಲೂ ಪೆಚ್ಚಾಗಿ ನಿಂತಿರುತ್ತದೆ, ಎರಡನ್ನೂ ತಪ್ಪಿಸುವ ಯಾವ ಅಂಕಿಯೂ ನಡುವೆ ಇಲ್ಲ. ಮಾತು ಹೆಕ್ಕಿ ಹೆಕ್ಕಿ ಆಡುವ ವಯೋವೃದ್ಧರು, ಉಗ್ಗು ಇರುವವರು, ಪಾರ್ಕಿನ್ಸನ್ ಕಾಯಿಲೆಯವರು ಈ ಅಂಕಿಯ ಮೊದಲ ಬಲಿಗಳು. ರೋಬಾಟ್‌ಗಳನ್ನು ಯಾರ ಶುಶ್ರೂಷೆಗೆಂದು ಹೇಳಿ ತಯಾರಿಸಲಾಗುತ್ತಿದೆಯೋ ಅವರಿಗೇ ಅವುಗಳೊಡನೆ ಮಾತನಾಡುವುದು ಅತಿ ಕಷ್ಟವಾಗಿರುವುದು ಈ ಉದ್ಯಮದ ಒಂದು ವಿಪರ್ಯಾಸ.

ಮೌನವಲ್ಲದಿದ್ದರೆ ಮನುಷ್ಯರು ನೆಚ್ಚುವುದು ಯಾವುದನ್ನು? ಮಾತಿನ ಅರ್ಥವನ್ನು, ವ್ಯಾಕರಣವನ್ನು, ಧಾಟಿಯನ್ನು, ಉಸಿರನ್ನು, ಕಣ್ಣನ್ನು, ಕೈಯನ್ನು, ಎಲ್ಲವನ್ನೂ ಒಟ್ಟಾಗಿ. ಧಾಟಿ ಎಂದರೆ ಇಲ್ಲಿ ಧ್ವನಿಯ ಏರಿಳಿತ, ಬಿರುಸು, ವೇಗ ಮತ್ತು ಕೊನೆಯ ಅಕ್ಷರಗಳ ಎಳೆತ ಇವೆಲ್ಲ ಸೇರಿದ್ದು. ಇವುಗಳಲ್ಲಿ ಯಾವುದರ ತೂಕ ಹೆಚ್ಚು ಎಂಬ ಬಗ್ಗೆ ಒಂದು ಸ್ವಾರಸ್ಯಕರ ವಾದವೇ ನಡೆದಿದೆ. ಯಾನ್ ಪೀಟರ್ ಡಿ ರೌಟರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಡಚ್ ಭಾಷಿಕರಿಗೆ ಮುದ್ರಿತ ಮಾತುಗಳನ್ನು ಕೇಳಿಸಿ, ಮಾತು ಮುಗಿಯಲಿದೆ ಎನ್ನಿಸಿದ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಲು ಹೇಳಲಾಗಿತ್ತು. ಧ್ವನಿಯ ಏರಿಳಿತವನ್ನು ಸಪಾಟು ಮಾಡಿ ಕೇಳಿಸಿದಾಗಲೂ ಅವರ ಅಂದಾಜು ಕೆಡಲಿಲ್ಲ. ಏರಿಳಿತವನ್ನು ಉಳಿಸಿ ಪದಗಳು ತಿಳಿಯದಂತೆ ಮಾಡಿದಾಗ ಮಾತ್ರ ಕೆಟ್ಟಿತು. ಹಾಗಾದರೆ ಪದ ಮತ್ತು ವ್ಯಾಕರಣಗಳೇ ಸಾಕೆಂದು ತೋರುವಷ್ಟರಲ್ಲಿ, 2015ರಲ್ಲಿ ಸಾರಾ ಬೋಗೆಲ್ಸ್ ಮತ್ತು ಫ್ರಾನ್ಸಿಸ್ಕೊ ಟೊರೆಯ್ರಾ ಬೇರೆಯದೇ ಬಗೆಯ ಮಾತುಗಳನ್ನು ಆರಿಸಿ ಪರೀಕ್ಷಿಸಿದರು. ‘ನೀವು ವಿದ್ಯಾರ್ಥಿಯೇ’ ಎಂಬಲ್ಲಿಗೂ ಮುಗಿಯಬಹುದಾದ, ಅದರ ಮುಂದೆ ವಿಶ್ವವಿದ್ಯಾಲಯದ ಹೆಸರೊಂದು ಸೇರಿ ಬೆಳೆಯಲೂಬಹುದಾದ ಡಚ್ ಪ್ರಶ್ನೆಗಳು ಅವು. ಚಿಕ್ಕ ಪ್ರಶ್ನೆಯ ಧಾಟಿಯಲ್ಲಿ ಆಡಿದ ತುಣುಕನ್ನು ಕತ್ತರಿಸಿ ಉದ್ದ ಪ್ರಶ್ನೆಗೆ ಅಂಟಿಸಿದಾಗ ಕೇಳುಗರು ಮೋಸಹೋಗಿ ನಡುವೆಯೇ ಗುಂಡಿ ಒತ್ತಿಬಿಟ್ಟರು. ಪದಗಳು ಸಂದಿಗ್ಧವಾದಲ್ಲಿ ತೀರ್ಪು ಕೊಡುವುದು ಧಾಟಿಯೇ ಎಂದಾಯಿತು. ಸಹಜ ಸಂಭಾಷಣೆಯಲ್ಲಿ ಪದಗಳು ಸಂದಿಗ್ಧವಾಗುವ ಸಂದರ್ಭಗಳು ಕಡಿಮೆಯೇನಲ್ಲ.

ಈ ಎರಡೂ ಪಾಠಗಳನ್ನು ಯಂತ್ರಕ್ಕೆ ಕಲಿಸುವ ಕೆಲಸದಲ್ಲಿ ಮುಂಚೂಣಿಯಲ್ಲಿರುವ ತಂಡಗಳಲ್ಲಿ ಸ್ಟಾಕ್‌ಹೋಮ್‌ನ ಕೆಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದ ಗೇಬ್ರಿಯಲ್ ಸ್ಕಾಂಟ್ಸೆ ಅವರದು ಒಂದು. ಅವರೂ ಎರಿಕ್ ಎಕ್ಸ್‌ಟೆಡ್ಟ್ ಅವರೂ 2020ರಲ್ಲಿ ರೂಪಿಸಿದ ಮಾದರಿಯು ಪದಗಳನ್ನಷ್ಟೇ ನೋಡಿ, ಮುಂದೆ ಬರಬಹುದಾದ ಪದದ ಬದಲು ಸರದಿ ಬದಲಾಗುವ ಸಂಭವವೆಷ್ಟು ಎಂದು ಲೆಕ್ಕ ಹಾಕುತ್ತಿತ್ತು. 2022ರ ಮಾದರಿ ಪದಗಳನ್ನು ಬಿಟ್ಟುಕೊಟ್ಟು ಹಸಿ ಧ್ವನಿಯನ್ನೇ ಹಿಡಿಯಿತು. ಇಬ್ಬರ ಧ್ವನಿಗಳನ್ನು ಕೇಳುತ್ತ, ಮುಂದಿನ ಎರಡು ಸೆಕೆಂಡುಗಳಲ್ಲಿ ಇಬ್ಬರಲ್ಲಿ ಯಾರ್ಯಾರು ಯಾವ ಯಾವ ತುಣುಕಿನಲ್ಲಿ ಮಾತನಾಡುತ್ತಿರುತ್ತಾರೆ ಎಂದು ಅದು ನಿರಂತರವಾಗಿ ಊಹಿಸುತ್ತದೆ. ಇದಕ್ಕೆ ಪಾಠ ಹೇಳಲು ಯಾರೂ ಕುಳಿತು ಇಲ್ಲಿ ಸರದಿ ಬದಲಾಯಿತು, ಅಲ್ಲಿ ಬರಿಯ ಹೂಂಗುಟ್ಟಿದ್ದು ಎಂದು ಗುರುತು ಹಾಕಬೇಕಾಗಿಲ್ಲ; ಧ್ವನಿಮುದ್ರಣದಲ್ಲಿ ಮುಂದಿನ ಎರಡು ಸೆಕೆಂಡು ಹೇಗೂ ಇರುವುದರಿಂದ ಊಹೆ ಸರಿಯೋ ತಪ್ಪೋ ಎಂಬುದನ್ನು ಆ ಮುದ್ರಣವೇ ಹೇಳಿಬಿಡುತ್ತದೆ. ಮೌನ ಕಳೆಯಲಿ ಎಂದು ಕಾಯುವ ಯಂತ್ರಕ್ಕೂ ಮೌನ ಬರುವ ಮೊದಲೇ ಅದರ ಜಾತಿಯನ್ನು ಅಂದಾಜಿಸುವ ಯಂತ್ರಕ್ಕೂ ಇರುವ ವ್ಯತ್ಯಾಸ ಇದು.

ಇಷ್ಟು ಹೇಳಿದ್ದೆಲ್ಲ ಫೋನಿನೊಳಗಿನ ಧ್ವನಿಸಹಾಯಕಕ್ಕೂ ಸಲ್ಲುವ ಮಾತು. ರೋಬಾಟ್‌ಗೆ ಮೈಯೂ ಇರುವುದರಿಂದ ಅದರ ಕಷ್ಟವೂ ಅನುಕೂಲವೂ ಬೇರೆ. ಕಷ್ಟಗಳಲ್ಲಿ ಮೊದಲನೆಯದು ಅದರ ಸ್ವಂತ ಗದ್ದಲ: ಕತ್ತು ಹೊರಳಿಸುವ ಮೋಟಾರು, ಒಳಗಿನ ಫ್ಯಾನು, ಮಿಗಿಲಾಗಿ ಅದರದೇ ಸ್ಪೀಕರಿನ ಧ್ವನಿ, ಇವೆಲ್ಲ ಅದರ ಕಿವಿಗೆ ಎದುರಿನವರ ಮಾತಿಗಿಂತ ಹತ್ತಿರದಲ್ಲಿವೆ. ಯಾರು ಮಾತನಾಡಿದರೆಂದು ತಿಳಿಯಲು ಹಲವು ಮೈಕ್ರೊಫೋನುಗಳನ್ನು ಒಂದಕ್ಕೊಂದು ತುಸು ದೂರದಲ್ಲಿ ಜೋಡಿಸಿ, ಒಂದೇ ಸದ್ದು ಅವುಗಳಿಗೆ ತಲಪುವ ಹೊತ್ತಿನ ವ್ಯತ್ಯಾಸದಿಂದ ದಿಕ್ಕನ್ನು ಲೆಕ್ಕ ಹಾಕಲಾಗುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, 10 ಸೆಂಟಿಮೀಟರ್ ಅಂತರದ ಎರಡು ಮೈಕ್ರೊಫೋನುಗಳ ನಡುವೆ ಈ ವ್ಯತ್ಯಾಸ ಹೆಚ್ಚೆಂದರೆ 0.3 ಮಿಲಿಸೆಕೆಂಡ್. ಕಣ್ಣಿನ ಕತೆ ಇನ್ನೂ ಸೂಕ್ಷ್ಮ. ಎರಡು ಮೀಟರ್ ದೂರದಲ್ಲಿ ನಿಂತವರ ಕಣ್ಣುಗುಡ್ಡೆ ಸಾಧಾರಣ ಕ್ಯಾಮೆರಾದ ಚಿತ್ರದಲ್ಲಿ ಕೆಲವೇ ಪಿಕ್ಸೆಲ್‌ಗಳಷ್ಟಾಗುವುದರಿಂದ, ಬಹಳಷ್ಟು ರೋಬಾಟ್‌ಗಳು ನೋಟದ ದಿಕ್ಕನ್ನು ತಲೆ ತಿರುಗಿದ ದಿಕ್ಕಿನಿಂದ ಅಂದಾಜು ಮಾಡಿ ತೃಪ್ತಿಪಟ್ಟುಕೊಳ್ಳುತ್ತವೆ.

ಅಂಥ ಅಂದಾಜೂ ಕೆಲಸಕ್ಕೆ ಬರುತ್ತದೆ, ಏಕೆಂದರೆ ನೋಟಕ್ಕೂ ಸರದಿಗೂ ಹತ್ತಿರದ ನಂಟಿದೆ. ಬ್ರಿಟಿಷ್ ವಿದ್ವಾಂಸ ಆಡಮ್ ಕೆಂಡನ್ 1967ರಷ್ಟು ಹಿಂದೆಯೇ ತೋರಿಸಿಕೊಟ್ಟಂತೆ, ಮಾತು ಶುರುಮಾಡುವವರು ಎದುರಿನವರಿಂದ ಕಣ್ಣು ಕೀಳುವುದೂ ಮುಗಿಸುವ ಹೊತ್ತಿಗೆ ಮತ್ತೆ ಅವರತ್ತ ಕಣ್ಣು ಹಾಯಿಸುವುದೂ ವಾಡಿಕೆ. ಮೂರು ಜನ ಸೇರಿದಾಗ ಈ ನೋಟದ ಬೆಲೆ ಇಮ್ಮಡಿಯಾಗುತ್ತದೆ. ಸ್ಕಾಂಟ್ಸೆ ತಂಡದ ‘ಫರ್‌ಹ್ಯಾಟ್’ ಎಂಬ ರೋಬಾಟ್, ಮುಖದಾಕಾರದ ಅರೆಪಾರದರ್ಶಕ ಮುಖವಾಡಕ್ಕೆ ಹಿಂದಿನಿಂದ ಸಜೀವ ಮುಖಚಿತ್ರವನ್ನು ಬಿಂಬಿಸುವ, ಕತ್ತು ಹೊರಳಿಸಬಲ್ಲ ಯಂತ್ರ. ಇದನ್ನು ಸ್ಟಾಕ್‌ಹೋಮ್‌ನ ತಂತ್ರಜ್ಞಾನ ವಸ್ತುಸಂಗ್ರಹಾಲಯದಲ್ಲಿ ಕೂರಿಸಿ, ಸ್ಪರ್ಶಪರದೆಯ ಮೇಲಿನ ಚಿತ್ರದೆಲೆಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸುವ ಆಟವನ್ನು ಇಬ್ಬಿಬ್ಬರು ಸಂದರ್ಶಕರೊಡನೆ ಆಡಿಸಿದಾಗ ಸಿಕ್ಕ ದತ್ತಾಂಶದಿಂದ ಒಂದು ಉಪಯುಕ್ತ ವಿವೇಚನೆ ಹೊರಬಂದಿತು. ರೋಬಾಟ್ ಮಾತನಾಡಲೇಬೇಕಾದ ಕ್ಷಣಗಳು ಬೇರೆ, ಮಾತನಾಡಿದರೆ ಆದೀತು ಎಂಬ ಕ್ಷಣಗಳು ಬೇರೆ, ಬಾಯಿ ಬಿಡಲೇಬಾರದ ಕ್ಷಣಗಳು ಬೇರೆ. ಸಂದರ್ಶಕರೊಬ್ಬರು ರೋಬಾಟ್‌ನತ್ತ ಮುಖ ಮಾಡಿ ಕೇಳಿದರೆ ಅದು ಹೊಣೆ. ಇಬ್ಬರೂ ಮೇಜಿನ ಮೇಲಿನ ಎಲೆಗಳನ್ನು ನೋಡುತ್ತ ಗೊಣಗಿಕೊಂಡರೆ ಅದು ಅವಕಾಶ. ಒಬ್ಬರು ಇನ್ನೊಬ್ಬರನ್ನು ನೋಡುತ್ತ ಕೇಳಿದರೆ ಅದು ಅವರಿಬ್ಬರ ವ್ಯವಹಾರ. ಇವನ್ನು ಬೇರ್ಪಡಿಸಲು ಪದ, ಧಾಟಿ, ಎಲೆ ಸರಿಸುವ ಕೈಚಲನೆ ಎಲ್ಲವೂ ನೆರವಾದರೂ ತಲೆ ಯಾವ ಕಡೆ ತಿರುಗಿದೆ ಎಂಬುದರ ಪಾಲು ದೊಡ್ಡದಾಗಿತ್ತು.

ಆದರೆ ಕೆಂಡನ್ ಕಂಡದ್ದನ್ನು ಸಾರ್ವತ್ರಿಕ ನಿಯಮವೆಂದು ಯಂತ್ರಕ್ಕೆ ಕಲಿಸುವುದು ಅವಸರವಾದೀತು. ಮೆಕ್ಸಿಕೋದ ತ್ಸೆಲ್ತಾಲ್ ಭಾಷಿಕರು ಮಾತಿನ ವೇಳೆ ಪರಸ್ಪರ ಕಣ್ಣಿಗೆ ಕಣ್ಣು ಕೊಡುವುದು ಇಟಾಲಿಯನ್ ಭಾಷಿಕರಿಗಿಂತ ಬಹಳ ಕಡಿಮೆ ಎಂದು 2009ರ ಹೋಲಿಕೆಯೊಂದು ತೋರಿಸಿದೆ. ಹಿರಿಯರ ಮುಂದೆ ತಲೆ ತಗ್ಗಿಸಿ ಉತ್ತರಿಸುವುದನ್ನು ವಿನಯವೆಂದು ಎಣಿಸುವ ಮನೆಗಳು ಕರ್ನಾಟಕದಲ್ಲಿಯೂ ಕಡಿಮೆಯಿಲ್ಲ. ಅಂಥ ಕಡೆ ನೋಟ ತಪ್ಪಿಸಿದ್ದನ್ನು ಆಸಕ್ತಿ ತಪ್ಪಿದ್ದಕ್ಕೆ ಸುಳಿವೆಂದು ಓದುವ ರೋಬಾಟ್ ತಪ್ಪು ಪುಟವನ್ನೇ ಓದುತ್ತಿರುತ್ತದೆ.

ಸುಳಿವು ಓದುವುದೆಂದರೆ ಎದುರಿನವರ ಮೈಮೇಲೆ ಮೊದಲೇ ಇರುವ ಏನನ್ನೋ ಪತ್ತೆ ಹಚ್ಚುವುದು ಎಂಬ ತಿಳಿವಳಿಕೆ ಈ ಕ್ಷೇತ್ರದ ಬಹುಪಾಲು ಬರವಣಿಗೆಯಲ್ಲಿ ಅಡಗಿದೆ, ಮತ್ತು ಅದು ಅರೆಬರೆ ಸತ್ಯ ಮಾತ್ರ. ಮನುಷ್ಯರು ಸುಳಿವುಗಳನ್ನು ಚೆಲ್ಲುವುದು ಎದುರಿಗೆ ಕೇಳುವವರಿದ್ದಾರೆ ಎನ್ನಿಸಿದಾಗ. ಕೇಳುವವರು ಕೇಳುತ್ತಿರುವಂತೆ ಕಾಣದಿದ್ದರೆ ಸುಳಿವೂ ಬತ್ತುತ್ತದೆ, ಮಾತೂ ಕೆಡುತ್ತದೆ. ಇದನ್ನು ಅತ್ಯಂತ ಚೆನ್ನಾಗಿ ತೋರಿಸಿದ್ದು ಕೆನಡಾದ ಜ್ಯಾನೆಟ್ ಬಾವೆಲಾಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗ. ಅಪಾಯದಿಂದ ಕೂದಲೆಳೆಯಲ್ಲಿ ಪಾರಾದ ಸ್ವಂತ ಪ್ರಸಂಗವೊಂದನ್ನು ಒಬ್ಬರು ಹೇಳಬೇಕು, ಇನ್ನೊಬ್ಬರು ಕೇಳಬೇಕು. ಆದರೆ ಕೆಲವು ಕೇಳುಗರಿಗೆ ಮಾತ್ರ, ಹೇಳುವವರಿಗೆ ಗೊತ್ತಾಗದಂತೆ, ಮಾತಿನಲ್ಲಿ ಒಂದು ನಿರ್ದಿಷ್ಟ ಅಕ್ಷರದಿಂದ ಶುರುವಾಗುವ ಪದಗಳನ್ನು ಎಣಿಸುವ ಕೆಲಸ ಕೊಡಲಾಗಿತ್ತು. ಎಣಿಕೆಯಲ್ಲಿ ಮುಳುಗಿದ ಕೇಳುಗರು ಸರಿಯಾದ ಕಡೆ ಬೆಚ್ಚಲಿಲ್ಲ, ಮುಖ ಕಿವಿಚಲಿಲ್ಲ, ‘ಅಯ್ಯೋ’ ಎನ್ನಲಿಲ್ಲ. ಅದರ ಫಲವಾಗಿ ಹೇಳುವವರ ಕತೆಯೇ ಕುಂಟಿತು, ಅದರಲ್ಲೂ ರೋಚಕವಾಗಬೇಕಿದ್ದ ಕೊನೆ ಎಳೆದಾಡಿ ಸಪ್ಪೆಯಾಯಿತು. ‘ಹೂಂ’ ನಿಂತರೆ ಕತೆಯೂ ನಿಲ್ಲುತ್ತದೆಂದು ಮೊಮ್ಮಕ್ಕಳನ್ನು ಎಚ್ಚರಿಸುವ ಅಜ್ಜಿಯರಿಗೆ ಈ ಫಲಿತಾಂಶದಲ್ಲಿ ಹೊಸತೇನೂ ಕಾಣಲಾರದು.

ಹಾಗಾಗಿ ಹೂಂಗುಟ್ಟುವುದು ರೋಬಾಟ್‌ಗೆ ಅಲಂಕಾರವಲ್ಲ. ಸರದಿಯನ್ನು ಕಸಿದುಕೊಳ್ಳದೆ, ಕೇಳುತ್ತಿದ್ದೇನೆ ಮುಂದುವರಿಸಿ ಎಂದು ಸೂಚಿಸುವ ಈ ಕಿರುದನಿಗಳಿಗೆ ಭಾಷಾಶಾಸ್ತ್ರದಲ್ಲಿ ಪ್ರತ್ಯೇಕ ಹೆಸರು ಕೊಟ್ಟವರು ಅಮೆರಿಕದ ವಿಕ್ಟರ್ ಇಂಗ್ವೆ, 1970ರಲ್ಲಿ. ಅವು ಎಲ್ಲೆಂದರಲ್ಲಿ ಬೀಳುವುದಿಲ್ಲ. ನೈಜೆಲ್ ವಾರ್ಡ್ ಮತ್ತು ವಟಾರು ತ್ಸುಕಹಾರ 2000ದಲ್ಲಿ ಇಂಗ್ಲಿಷ್ ಮತ್ತು ಜಪಾನಿ ಸಂಭಾಷಣೆಗಳನ್ನು ಪರಿಶೀಲಿಸಿ, ಆಡುವವರ ಧ್ವನಿ ತಗ್ಗಿನ ಸ್ಥಾಯಿಗೆ ಇಳಿದು ಅಲ್ಲಿ 110 ಮಿಲಿಸೆಕೆಂಡ್‌ನಷ್ಟು ನಿಂತರೆ ಅದು ಬಹುಮಟ್ಟಿಗೆ ಹೂಂಗುಟ್ಟಲು ಕೊಟ್ಟ ಕರೆ ಎಂದು ಕಂಡುಕೊಂಡರು. ಪದವೊಂದೂ ಅರ್ಥವಾಗದ ಯಂತ್ರವೂ ಈ ನಿಯಮವನ್ನು ಪಾಲಿಸಬಹುದು ಎಂಬುದೇ ಇದರ ಆಕರ್ಷಣೆ, ತುಸು ಅಳುಕು ಹುಟ್ಟಿಸುವ ಸಂಗತಿಯೂ ಹೌದು. ಜಪಾನಿನಲ್ಲಿ ಈ ಕಲೆಗೆ ‘ಐಜುಚಿ’ ಎಂಬ ಹೆಸರೂ ಸಂಸ್ಕೃತಿಯಲ್ಲಿ ದೊಡ್ಡ ಸ್ಥಾನವೂ ಇರುವುದರಿಂದ, ಕ್ಯೋಟೊ ವಿಶ್ವವಿದ್ಯಾಲಯದ ತತ್ಸುಯಾ ಕವಹಾರ ಅವರ ತಂಡ, ಹಿರೋಷಿ ಇಷಿಗುರೊ ನೇತೃತ್ವದ ಯೋಜನೆಯಲ್ಲಿ ಮೂಡಿಬಂದ ‘ಎರಿಕಾ’ ಎಂಬ ಮನುಷ್ಯರೂಪಿ ರೋಬಾಟ್‌ಗೆ ಕಲಿಸಿದ ಮುಖ್ಯ ವಿದ್ಯೆಗಳಲ್ಲಿ ಹಿರಿಯರ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವುದೂ ಒಂದು. ಇದೇ ತಂಡ 2022ರಲ್ಲಿ ಎರಿಕಾಗೆ ಜೊತೆಗೂಡಿ ನಗಲು ಕಲಿಸಿತು. ಎದುರಿನವರು ನಕ್ಕರೇ ಎಂದು ಗುರುತಿಸುವುದು ಒಂದು ಹಂತ, ಆ ನಗುವಿಗೆ ನಗಬೇಕೇ ಬೇಡವೇ ಎಂದು ನಿರ್ಧರಿಸುವುದು ಎರಡನೆಯದು, ನಕ್ಕರೆ ಮನಸಾರೆ ನಗಬೇಕೋ ಮರ್ಯಾದೆಗೊಂದು ಮೆಲುನಗೆ ಸಾಕೋ ಎಂಬುದು ಮೂರನೆಯದು. ಎರಡನೆಯ ಹಂತವೇ ಕಠಿಣ, ಏಕೆಂದರೆ ಮುಜುಗರವನ್ನೋ ನೋವನ್ನೋ ಮುಚ್ಚಿಕೊಳ್ಳಲು ನಗುವವರಿಗೆ ಪ್ರತಿಯಾಗಿ ನಗುವುದಕ್ಕಿಂತ ಸುಮ್ಮನಿರುವುದು ಮೇಲು.

ರೋಬಾಟ್ ತೋರಿಸುವ ಸುಳಿವು ಅದು ಓದುವ ಸುಳಿವನ್ನೇ ರೂಪಿಸುತ್ತದೆ ಎಂಬುದಕ್ಕೆ ಹಳೆಯ ಸಾಕ್ಷಿ ಎಂಐಟಿಯಲ್ಲಿ ಸಿಂಥಿಯಾ ಬ್ರೆಜೀಲ್ 1990ರ ದಶಕದ ಕೊನೆಯಲ್ಲಿ ರೂಪಿಸಿದ ‘ಕಿಸ್ಮೆಟ್’. ದೊಡ್ಡ ಕಣ್ಣು, ಹುಬ್ಬು, ಅಲ್ಲಾಡುವ ಕಿವಿಗಳಿದ್ದ ಈ ಲೋಹದ ತಲೆಗೆ ಪದಗಳು ತಿಳಿಯುತ್ತಿರಲಿಲ್ಲ. ಧಾಟಿಯಿಂದ ಹೊಗಳಿಕೆ, ಗದರಿಕೆ, ಗಮನ ಸೆಳೆಯುವಿಕೆ, ಸಮಾಧಾನ ಎಂಬ ನಾಲ್ಕನ್ನು ಬೇರ್ಪಡಿಸುತ್ತಿತ್ತು. ಯಾರಾದರೂ ತೀರಾ ಹತ್ತಿರ ಬಂದರೆ ಅದು ಹಿಂದೆ ಸರಿಯುತ್ತಿತ್ತು, ಬಂದವರೂ ತಾವಾಗಿ ಒಂದು ಹೆಜ್ಜೆ ಹಿಂದಿಡುತ್ತಿದ್ದರು. ಮುಂದೆ ಬಿಲ್ಗೆ ಮುತ್ಲು ಮತ್ತು ಸಂಗಡಿಗರು 2009ರಲ್ಲಿ ‘ರೋಬೊವಿ’ ಎಂಬ ಜಪಾನಿ ರೋಬಾಟ್‌ನ ನೋಟವನ್ನಷ್ಟೇ ಬದಲಾಯಿಸಿ ನೋಡಿದರು: ರೋಬಾಟ್ ಇಬ್ಬರನ್ನೂ ಸಮನಾಗಿ ನೋಡಿದಾಗ ಇಬ್ಬರೂ ಮಾತಿಗೆ ಸೇರಿದರು, ಒಬ್ಬರನ್ನೇ ನೋಡಿದಾಗ ಇನ್ನೊಬ್ಬರು ಬಹುಮಟ್ಟಿಗೆ ಪ್ರೇಕ್ಷಕರಾಗಿ ಉಳಿದರು. ಯಂತ್ರದ ಕಣ್ಣು ಪ್ಲಾಸ್ಟಿಕ್ಕಿನದೆಂದು ಅವರಿಗೆಲ್ಲ ಗೊತ್ತಿತ್ತು.

ಅನುಮಾನವನ್ನೂ ಹೀಗೆ ತೋರಿಸಬಹುದು. ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಡ್ಯಾನ್ ಬೊಹುಸ್ ಮತ್ತು ಎರಿಕ್ ಹಾರ್ವಿಟ್ಜ್ ತಮ್ಮ ಕಟ್ಟಡದಲ್ಲಿ ದಾರಿ ಹೇಳಲು ‘ನಾವೋ’ ಎಂಬ ಪುಟ್ಟ ರೋಬಾಟ್ ನಿಲ್ಲಿಸಿದ್ದರು. ಎದುರಿನವರು ಹೊರಡಲು ಅನುವಾಗುತ್ತಿದ್ದಾರೋ ಇನ್ನೂ ಕೇಳುವುದಿದೆಯೋ ಎಂದು ಖಚಿತವಾಗದಿದ್ದಾಗ ತಪ್ಪು ನಿರ್ಧಾರಕ್ಕೆ ಧುಮುಕುವ ಬದಲು ಅದು ತುಸು ತಡವರಿಸಿ ರಾಗ ಎಳೆಯುವಂತೆ 2014ರ ಹೊತ್ತಿಗೆ ಮಾಡಿದರು. ಆ ಅರೆಗಳಿಗೆಯಲ್ಲಿ ಎದುರಿನವರ ಚಲನೆಯೇ ಉತ್ತರ ಕೊಡುತ್ತಿತ್ತು. ಲೆಕ್ಕಾಚಾರಕ್ಕೆ ಹೊತ್ತು ಸಾಲದ ಯಂತ್ರ ಅದನ್ನು ಮರೆಮಾಚದೆ ಮನುಷ್ಯರಂತೆಯೇ ತಡವರಿಸುವುದು ಈ ಕ್ಷೇತ್ರದ ಅತ್ಯಂತ ಪ್ರಾಮಾಣಿಕ ಉಪಾಯಗಳಲ್ಲಿ ಒಂದು ಎನ್ನಬಹುದು. ಇದಕ್ಕೆ ಹೋಲಿಸಿದರೆ 2018ರ ಮೇ ತಿಂಗಳಲ್ಲಿ ಗೂಗಲ್ ತನ್ನ ‘ಡುಪ್ಲೆಕ್ಸ್’ ವ್ಯವಸ್ಥೆಯಿಂದ ಕ್ಷೌರದಂಗಡಿಗೆ ಕರೆ ಮಾಡಿಸಿ, ನಡುವೆ ಹೂಂಗುಟ್ಟಿಸಿ, ಪ್ರೇಕ್ಷಕರ ಚಪ್ಪಾಳೆ ಗಿಟ್ಟಿಸಿದ ಪ್ರದರ್ಶನ ಬೇರೆ ಜಾತಿಯದು. ಆಚೆ ಬದಿಯವರಿಗೆ ತಾವು ಯಂತ್ರದೊಡನೆ ಮಾತನಾಡುತ್ತಿರುವುದು ತಿಳಿದಿರಲಿಲ್ಲವೆಂಬ ಆಕ್ಷೇಪ ಅದರ ಬೆನ್ನಿಗೇ ಬಂದಿತು.

ಭಾವನೆಯನ್ನು ಓದುವ ಯಂತ್ರಗಳ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾದ ಅಗತ್ಯವಿಲ್ಲ. ಮುಖದ ಸ್ನಾಯುಗಳ ಚಲನೆಗಳನ್ನು ಪಾಲ್ ಎಕ್‌ಮನ್ ಮತ್ತು ವಾಲೇಸ್ ಫ್ರೀಸೆನ್ 1978ರಲ್ಲಿ ಕ್ರಮವಾಗಿ ಪಟ್ಟಿಮಾಡಿದ್ದು ದೊಡ್ಡ ಕೆಲಸವೇ ಸರಿ. ಆದರೆ ಸ್ನಾಯು ಚಲಿಸಿತೆಂದು ಗುರುತಿಸುವುದಕ್ಕೂ ಒಳಗಿನ ಭಾವ ಇದೇ ಎಂದು ಹೇಳುವುದಕ್ಕೂ ಬಹಳ ಅಂತರವಿದೆ. ಲಿಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಹಲೇಖಕರು 2019ರಲ್ಲಿ ಪ್ರಕಟಿಸಿದ ಸುದೀರ್ಘ ವಿಮರ್ಶೆ, ಜನ ಸಿಟ್ಟಾದಾಗ ಹುಬ್ಬು ಗಂಟಿಕ್ಕುವುದು ಕಡಿಮೆ ಪಾಲಿನಲ್ಲಿ ಮಾತ್ರ, ಸಿಟ್ಟಿಲ್ಲದೆಯೂ ಗಂಟಿಕ್ಕುವುದುಂಟು ಎಂದು ಹಲವು ಅಧ್ಯಯನಗಳನ್ನು ಜಾಲಾಡಿ ತೋರಿಸಿತು. ಕೆಲಸದ ಜಾಗದಲ್ಲೂ ಶಿಕ್ಷಣಸಂಸ್ಥೆಗಳಲ್ಲೂ ಭಾವನೆ ಗುರುತಿಸುವ ವ್ಯವಸ್ಥೆಗಳನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಹೊರತುಪಡಿಸಿ, ಐರೋಪ್ಯ ಒಕ್ಕೂಟ ತನ್ನ ಕೃತಕ ಬುದ್ಧಿಮತ್ತೆ ಕಾಯ್ದೆಯಲ್ಲಿ ನಿಷೇಧಿಸಿ 2025ರ ಫೆಬ್ರವರಿಯಿಂದ ಜಾರಿಗೆ ತಂದಿದೆ. ಸರದಿಯ ಸುಳಿವಿಗೆ ಈ ಸಂಕಟವಿಲ್ಲ. ಊಹೆ ತಪ್ಪಿದರೆ ಮರುಕ್ಷಣವೇ ಗೊತ್ತಾಗುತ್ತದೆ, ಎದುರಿನವರೇ ತಿದ್ದುತ್ತಾರೆ.

ಕನ್ನಡದ ಮಟ್ಟಿಗೆ ಈ ಪ್ರಶ್ನೆ ದೂರದ್ದಲ್ಲ. ಬೆಂಗಳೂರಿನ ಇನ್ವೆಂಟೊ ಸಂಸ್ಥೆ ರೂಪಿಸಿದ ‘ಮಿತ್ರ’ ರೋಬಾಟ್ 2017ರಲ್ಲಿ ಹೈದರಾಬಾದಿನ ಜಾಗತಿಕ ಉದ್ಯಮಶೀಲತಾ ಶೃಂಗಸಭೆಯ ವೇದಿಕೆ ಏರಿ, 2020ರಲ್ಲಿ ಕೋವಿಡ್ ಹೊತ್ತಿನಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಒಳಬರುವವರ ತಪಾಸಣೆಗೆ ನಿಂತಿತ್ತು. ಇಂಥ ಯಂತ್ರ ಕನ್ನಡದ ಸರದಿಯನ್ನು ಹಿಡಿಯಬೇಕಾದರೆ ಕನ್ನಡದ ವಾಕ್ಯರಚನೆಯೊಡನೆ ಸೆಣಸಬೇಕು. ಕ್ರಿಯಾಪದ ಕೊನೆಗೆ ಬರುವ ಭಾಷೆ ಇದು. ‘ನಾಳೆ ಡಾಕ್ಟರು’ ಎಂಬಲ್ಲಿಂದ ಹೊರಟ ಮಾತು ‘ಬರುತ್ತಾರೆ’, ‘ಬರುತ್ತಾರಾ’, ‘ಬರುತ್ತಾರಂತೆ’, ‘ಬರುತ್ತಾರೇನೋ’, ‘ಬರುವುದಿಲ್ಲ’ ಎಂದು ಯಾವ ಕಡೆಗೂ ಹೊರಳಬಹುದು, ಮತ್ತು ಹೇಳಿಕೆಯೋ ಪ್ರಶ್ನೆಯೋ ಕೇಳಿದ ಸುದ್ದಿಯೋ ಎಂಬುದು ಕಟ್ಟಕಡೆಯ ಪ್ರತ್ಯಯದವರೆಗೆ ಗುಟ್ಟಾಗಿಯೇ ಇರುತ್ತದೆ. ಹಾಗೆಂದು ಇಂಥ ಭಾಷೆಗಳಲ್ಲಿ ಉತ್ತರ ತಡವಾಗುತ್ತದೆಂದು ಎಣಿಸಬೇಕಿಲ್ಲ. ಸ್ಟೈವರ್ಸ್ ಅಳತೆಯಲ್ಲಿ ಎಲ್ಲಕ್ಕಿಂತ ಚುರುಕಾಗಿದ್ದ ಜಪಾನಿಯಲ್ಲೂ ಕ್ರಿಯಾಪದ ಬರುವುದು ಕೊನೆಗೇ. ಏನು ಹೇಳಲಿದ್ದಾರೆಂಬುದು ತಡವಾಗಿ ತಿಳಿದರೂ ಎಲ್ಲಿ ಮುಗಿಯುತ್ತದೆಂಬುದು ಕೊನೆಯ ಪ್ರತ್ಯಯಗಳಿಂದ ನಿಚ್ಚಳವಾಗುತ್ತದೆ. ಕನ್ನಡದ ‘ಅಲ್ವಾ’, ‘ಕಣ್ರೀ’, ಧಾರವಾಡದ ಕಡೆಯ ‘ನೋಡ್ರಿ’, ಕರಾವಳಿಯ ‘ಮಾರಾಯ್ರೆ’ ಮಾತಿನ ತುದಿಗೆ ಬಂದು ನಿಂತಾಗ ಮಾಡುವ ಕೆಲಸಗಳಲ್ಲಿ ಇದೂ ಒಂದು.

ತೊಡಕಿರುವುದು ಬೇರೊಂದು ಕಡೆ. ‘ಹೋಗಿ, ಕೇಳಿ, ತಿಳಿದು’ ಎಂದು ಕ್ರಿಯೆಗಳನ್ನು ಪೋಣಿಸುವ ರೂಪಗಳು, ಮಾತು ಇನ್ನೂ ಬಾಕಿ ಇದೆ ಎಂಬುದಕ್ಕೆ ಕನ್ನಡ ವ್ಯಾಕರಣವೇ ಕೊಡುವ ಭರವಸೆ. ಆದರೆ ‘ನೋಡಿ’, ‘ಕೇಳಿ’, ‘ಹೇಳಿ’, ‘ಮಾಡಿ’ ಮುಂತಾದವು ಗೌರವದ ವಿಧಿರೂಪಗಳೂ ಆಗಿವೆ. ಆಸ್ಪತ್ರೆಯ ಕೌಂಟರಿನಲ್ಲಿ ‘ಈ ಚೀಟಿ ನೋಡಿ’ ಎಂದು ಒಬ್ಬರು ನಿಲ್ಲಿಸಿದರೆ ಅದು ಪೂರ್ಣವಾದ ಕೋರಿಕೆ ಇರಬಹುದು. ‘ಈ ಚೀಟಿ ನೋಡಿ ಯಾವ ರೂಮಿಗೆ ಹೋಗಬೇಕು ಅಂತ ಹೇಳಿ’ ಎಂಬ ಮಾತಿನ ಮೊದಲ ತುಂಡೂ ಇರಬಹುದು. ಬರಹಕ್ಕಿಳಿಸಿದರೆ ಎರಡೂ ಒಂದೇ. ಕೊನೆಯ ಇಕಾರವನ್ನು ತುಸು ಎಳೆದು ಧ್ವನಿಯನ್ನು ಇಳಿಸದೆ ಹಿಡಿದಿಟ್ಟರೆ ಮಾತು ಮುಂದಿದೆ, ಇಳಿಸಿ ಬಿಟ್ಟುಕೊಟ್ಟರೆ ಮುಗಿದಿದೆ ಎಂಬುದನ್ನು ಕನ್ನಡಿಗರ ಕಿವಿ ಸಾಮಾನ್ಯವಾಗಿ ಹಿಡಿಯುತ್ತದೆ. ಧ್ವನಿಯನ್ನು ಮೊದಲು ಪಠ್ಯವಾಗಿಸಿ ಆಮೇಲೆ ಯೋಚಿಸುವ ಯಂತ್ರಕ್ಕೆ ಆ ಎಳೆತ ಪಠ್ಯದ ದಾರಿಯಲ್ಲೇ ಕಳೆದುಹೋಗಿರುತ್ತದೆ.

ಬೇರೆ ಭಾಷೆಯಲ್ಲಿ ತರಬೇತಾದ ಮಾದರಿಯನ್ನು ತಂದು ಇಲ್ಲಿ ಕೂರಿಸುವ ದಾರಿಯೂ ಸುಗಮವಲ್ಲ. ಸ್ಟಾಕ್‌ಹೋಮ್ ಮಾದರಿಯನ್ನು ಕ್ಯೋಟೊ ತಂಡವೂ ಸೇರಿ 2024ರಲ್ಲಿ ಇಂಗ್ಲಿಷ್, ಚೀನಿ, ಜಪಾನಿ ಭಾಷೆಗಳಲ್ಲಿ ಪರೀಕ್ಷಿಸಿದಾಗ ಒಂದು ಭಾಷೆಯಲ್ಲಿ ಕಲಿತದ್ದು ಇನ್ನೊಂದರಲ್ಲಿ ಚೆನ್ನಾಗಿ ನಡೆಯಲಿಲ್ಲ. ಮೂರನ್ನೂ ಒಟ್ಟಿಗೆ ಕಲಿಸಿದ ಮಾದರಿ ಮಾತ್ರ ಮೂರರಲ್ಲೂ ನಿಂತಿತು. ಅಂದರೆ ಕನ್ನಡದ ಸಂಭಾಷಣೆಯನ್ನೇ ಉಣಿಸಬೇಕು. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್ಟ್‌ಪಾರ್ಕ್ ಗೂಗಲ್ ನೆರವಿನಿಂದ ಜಿಲ್ಲೆ ಜಿಲ್ಲೆಗಳಲ್ಲಿ ಮಾತು ಸಂಗ್ರಹಿಸುತ್ತಿರುವ ‘ವಾಣಿ’ ಯೋಜನೆ ದೊಡ್ಡ ಪ್ರಯತ್ನವೇ ಆದರೂ, ಚಿತ್ರವೊಂದನ್ನು ತೋರಿಸಿ ಅದರ ಬಗ್ಗೆ ಹೇಳಿಸುವುದು ಅದರ ಕ್ರಮ. ಅದರಿಂದ ಪದ ಮತ್ತು ಉಚ್ಚಾರಣೆಗಳ ಸಂಪತ್ತು ಸಿಗುತ್ತದೆ, ಸರದಿ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಎರಡನೆಯವರಿಲ್ಲ. ಬೇಕಾದದ್ದು ಇಬ್ಬರು ಮೂವರು ಸಹಜವಾಗಿ ಆಡಿದ, ಪ್ರತಿಯೊಬ್ಬರ ಧ್ವನಿಯೂ ಬೇರೆ ಬೇರೆ ಮೈಕ್ರೊಫೋನಿಗೆ ಬಿದ್ದ, ಸಾಧ್ಯವಾದರೆ ಮುಖವೂ ಕೈಯೂ ಕಾಣುವ ಮುದ್ರಣ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯದಂತೆ ಅದಕ್ಕೆ ಆಡಿದವರೆಲ್ಲರ ತಿಳಿದು ಕೊಟ್ಟ ಒಪ್ಪಿಗೆಯೂ ಬೇಕು. ಆ ಮುದ್ರಣದಲ್ಲಿ ಯಾವ ಸನ್ನಿವೇಶಗಳಿರಬೇಕು ಎಂಬುದನ್ನೂ ಹೊರಗಿನ ಮಾದರಿಗಳು ಹೇಳಿಕೊಡಲಾರವು. ಇಲ್ಲಿನ ಆಸ್ಪತ್ರೆಗೆ ರೋಗಿ ಒಬ್ಬರೇ ಬರುವುದು ಕಡಿಮೆ: ನೋವು ತಾಯಿಯದು, ಉತ್ತರ ಕೊಡುವವನು ಮಗ, ನಡುವೆ ತಿದ್ದುವವರು ಜೊತೆಗೆ ಬಂದ ಅತ್ತಿಗೆ. ರೋಬಾಟ್ ಆಡುತ್ತಿರುವ ಮಗನನ್ನೇ ನೋಡುತ್ತಿದ್ದರೆ ತಾಯಿ ಪ್ರೇಕ್ಷಕಳಾಗಿಬಿಡುತ್ತಾಳೆ ಎಂಬುದನ್ನು ಮುತ್ಲು ಅವರ ಪ್ರಯೋಗದಿಂದ ಊಹಿಸಬಹುದು. ಅವಳ ಕಡೆಗೆ ಯಾವ ಘಳಿಗೆಯಲ್ಲಿ, ಮಗನ ಮಾತನ್ನು ಕಡೆಗಣಿಸಿದಂತೆ ಕಾಣದ ಹಾಗೆ, ಕತ್ತು ಹೊರಳಿಸಬೇಕು ಎಂಬುದನ್ನು ಮಾತ್ರ ಇಂಥ ಕೌಂಟರುಗಳ ಮುಂದೆ ಅನುಮತಿ ಪಡೆದು ಕ್ಯಾಮೆರಾ ಇಟ್ಟೇ ಕಲಿಯಬೇಕು.